ನಿಮಗಿದು ಗೊತ್ತೇ? ಕಿದ್ವಾಯಿ ನಗರ, ಕಚೇರಿಯ ಅಂಚೆ ಮತ್ತು ರಾತ್ರಿ ಪಾಳಿ

ಕಿದ್ವಾಯಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬೆಂಗಳೂರಿನ ಹೊಸೂರು ರಸ್ತೆಯ ಕ್ಯಾನ್ಸರ್ ಆಸ್ಪತ್ರೆ. ದಿಲ್ಲಿಯಲ್ಲಿ ಅದೇ ಹೆಸರಿನ ಸರ್ಕಾರಿ ನೌಕರರ ಬಡಾವಣೆಯೊಂದಿದೆ. ರಿಂಗ್ ರೋಡ್ ದಾಟಿದರೆ ಏಮ್ಸ್, ಒಂದು ಬದಿಗೆ ಐಎನ್‌ಎ ಮಾರುಕಟ್ಟೆ, ಇನ್ನೊಂದು ಬದಿಗೆ ಸೌತ್ ಎಕ್ಸ್‌ಟೆನ್ಷನ್. ಹಳೆಯ ಕ್ವಾರ್ಟರ್ಸ್ ಕೆಡವಿ ಕಟ್ಟಿದ ಎತ್ತರದ ವಸತಿ ಕಟ್ಟಡಗಳ ಜೊತೆಗೆ ಈಗ ಅಲ್ಲಿ ಕಚೇರಿ ಗೋಪುರಗಳೂ ಇವೆ. ಭಾರತೀಯ ಸ್ಪರ್ಧಾ ಆಯೋಗ ಇರುವುದೂ ಅಲ್ಲಿಯೇ. ಇಂಥ ಕಚೇರಿಗಳಲ್ಲಿ ಬೆಳಿಗ್ಗೆ 9 ಗಂಟೆಗೆ ಮೇಲ್ ತೆರೆದರೆ ತೆರೆಯುತ್ತದೆ, ಕಡತ ಹುಡುಕಿದರೆ ಸಿಗುತ್ತದೆ. ಹಾಗೆ ಸಿಗಲಿ ಎಂದು ಹಿಂದಿನ ರಾತ್ರಿ ಯಾರು ಏನು ಮಾಡಿರುತ್ತಾರೆ? ಈ ಸಲದ ಅಂಕಣ ಅವರ ಕೆಲಸದ ಬಗ್ಗೆ.

ಈ ಬಡಾವಣೆಗೂ ಆ ಆಸ್ಪತ್ರೆಗೂ ಹೆಸರು ಬಂದದ್ದು ರಫಿ ಅಹಮದ್ ಕಿದ್ವಾಯಿ ಅವರಿಂದ. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು ಅವರೇ. ಅಂಚೆ, ತಂತಿ, ಟೆಲಿಫೋನ್ ಎಲ್ಲವೂ ಅವರ ಖಾತೆಯಲ್ಲಿದ್ದವು. ಅವರ ಕಾಲದಲ್ಲಿ, 1949ರಲ್ಲಿ, ರಾತ್ರಿ ವಿಮಾನ ಅಂಚೆ ಶುರುವಾಯಿತು. ದಿಲ್ಲಿ, ಮುಂಬಯಿ, ಕಲ್ಕತ್ತ, ಮದ್ರಾಸ್ ನಾಲ್ಕೂ ಕಡೆಯಿಂದ ರಾತ್ರಿ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಕೂಡುತ್ತಿದ್ದವು. ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ತಮ್ಮ ತಮ್ಮ ಊರಿಗೆ ಮರಳುತ್ತಿದ್ದವು. ಇವತ್ತಿನ ಮೇಲ್ ಸರ್ವರ್ ಮಾಡುವುದೂ ಇದನ್ನೇ. ಬಂದ ಚೀಲವನ್ನು ಇಳಿಸಿಕೊಂಡು, ವಿಳಾಸ ನೋಡಿ, ವಿಂಗಡಿಸಿ, ಮುಂದಿನ ಸರ್ವರಿಗೆ ದಾಟಿಸುತ್ತದೆ. ನಾಗಪುರದ ಆ ಅಂಗಳವನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟಂತೆ.

ನಿಮ್ಮ ಕಚೇರಿಯ ಮೇಲ್ ಸರ್ವರ್ ಶುಕ್ರವಾರ ಸಂಜೆ ಕೈಕೊಟ್ಟರೆ ಹೊರಗಿನಿಂದ ಬರುವ ಪತ್ರಗಳೆಲ್ಲ ಕಳೆದುಹೋಗುತ್ತವೆಯೇ? ಇಲ್ಲ. ಕಳಿಸುವ ಸರ್ವರ್ ಪತ್ರವನ್ನು ತನ್ನ ಬಳಿಯೇ ಸಾಲಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೈಬಿಡುವ ಮೊದಲು ಕನಿಷ್ಠ 4ರಿಂದ 5 ದಿನ ಕಾಯಬೇಕು ಎನ್ನುವುದು ಮೇಲ್ ವ್ಯವಸ್ಥೆಯ ಮೂಲ ನಿಯಮಾವಳಿಯ ಮಾತು. ಸರ್ವರ್ ನೋಡಿಕೊಳ್ಳುವವರ ಎಷ್ಟೋ ಶನಿವಾರ, ಭಾನುವಾರಗಳನ್ನು ಉಳಿಸಿದ ನಿಯಮ ಇದು.

25 ಎಂಬಿ ಮಿತಿಯ ಮೇಲ್‌ನಲ್ಲಿ 20 ಎಂಬಿ ಕಡತ ಏಕೆ ಹೋಗುವುದಿಲ್ಲ? ಮೇಲ್ ಹುಟ್ಟಿದ್ದು ಸರಳ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲು. ಚಿತ್ರ, ಪಿಡಿಎಫ್ ಏನೇ ಇರಲಿ, ಅದನ್ನು ಮೊದಲು ಅಕ್ಷರಗಳ ರೂಪಕ್ಕೆ ಇಳಿಸಿ ಕಳಿಸಬೇಕು. ಹಾಗೆ ಇಳಿಸಿದಾಗ ಪ್ರತಿ 3 ಬೈಟ್ 4 ಆಗುತ್ತದೆ, ಅಂದರೆ ಗಾತ್ರ ಮೂರನೇ ಒಂದು ಪಾಲು ಉಬ್ಬುತ್ತದೆ. 18 ಎಂಬಿ ದಾಟಿತೆಂದರೆ 25ರ ಬಾಗಿಲು ಮುಚ್ಚಿದಂತೆಯೇ.

ಕನ್ನಡಕ್ಕೆ ಇದರಲ್ಲಿ ಎರಡು ಸಲ ತೆರಿಗೆ. ಯೂನಿಕೋಡ್‌ನ ರೂಢಿಯ ರೂಪದಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದು ಚಿಹ್ನೆಗೆ 3 ಬೇಕು. ಗುಣಿತ, ಒತ್ತುಗಳೂ ಬೇರೆ ಬೇರೆ ಚಿಹ್ನೆಗಳೇ. ‘ನಮಸ್ಕಾರ’ ನಮ್ಮ ಕಣ್ಣಿಗೆ ನಾಲ್ಕಕ್ಷರ. ಸರ್ವರಿಗೆ 7 ಚಿಹ್ನೆ, 21 ಬೈಟ್. ವಿಷಯದ ಸಾಲಿನಲ್ಲಿ ಬರೆದು ಕಳಿಸಿದರೆ ಪ್ರಯಾಣಕ್ಕೆ ಇನ್ನಷ್ಟು ಉಬ್ಬಿ 28. ಆದರೂ ವಿಷಯವನ್ನು ಕನ್ನಡದಲ್ಲೇ ಬರೆಯಿರಿ. ಇವತ್ತಿನ ಯಾವ ಸರ್ವರಿಗೂ ಅದು ಭಾರವಲ್ಲ.

ಡಿಸ್ಕ್ ತುಂಬುವ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ದೊಡ್ಡ ಕಚೇರಿಗಳಲ್ಲಿ ವರ್ಷಗಟ್ಟಲೆ ಓಡಿದ ಎಕ್ಸ್‌ಚೇಂಜ್ ಸರ್ವರ್ ಇದೆಯಲ್ಲ, ಅದು ಪ್ರತಿ ಪತ್ರವನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು, ಆಮೇಲೆ ದೊಡ್ಡ ಲೆಡ್ಜರಿಗೆ ಏರಿಸುತ್ತದೆ. ಕಿರಾಣಿ ಅಂಗಡಿಯಲ್ಲಿ ಚೀಟಿಯಿಂದ ಖಾತೆ ಪುಸ್ತಕಕ್ಕೆ ಬರೆದ ಹಾಗೆ. ಒಂದೊಂದು ಚೀಟಿ 1 ಎಂಬಿಯ ಕಡತ. ರಾತ್ರಿ ಬ್ಯಾಕಪ್ ಸರಿಯಾಗಿ ಮುಗಿದರೆ ಮಾತ್ರ ಸರ್ವರ್ ಹಳೆಯ ಚೀಟಿಗಳನ್ನು ಹರಿದು ಬಿಸಾಡುತ್ತದೆ. ಬ್ಯಾಕಪ್ ನಿಂತರೆ ಚೀಟಿಗಳು ರಾಶಿ ಬೀಳುತ್ತಾ ಹೋಗುತ್ತವೆ. ಒಂದು ದಿನ ಡಿಸ್ಕ್ ತುಂಬಿ ಲೆಡ್ಜರೇ ಮುಚ್ಚಿಕೊಳ್ಳುತ್ತದೆ, ಇಡೀ ಕಚೇರಿಗೆ ಮೇಲ್ ಬಂದ್. ಜಾಗ ಕಡಿಮೆಯಾಗುತ್ತಿದ್ದಂತೆಯೇ ಹೊಸ ಪತ್ರ ಬೇಡವೆಂದು ಸರ್ವರ್ ತಾನೇ ಬಾಗಿಲು ಹಾಕಿಕೊಳ್ಳುವುದೂ ಉಂಟು. ‘ಮೇಲ್ ಬರ್ತಾ ಇಲ್ಲ’ ಎಂದು ಜನ ಫೋನ್ ಮಾಡುವ ಹೊತ್ತಿಗೆ ನಿಜವಾದ ತಪ್ಪು ಹತ್ತಾರು ದಿನ ಹಳೆಯದಾಗಿರುತ್ತದೆ. ಹೊಸಬ ಆತುರದಲ್ಲಿ ಆ ಚೀಟಿಗಳನ್ನು ಕೈಯಾರೆ ಅಳಿಸಿದನೋ, ಮುಂದೆ ಲೆಡ್ಜರ್ ಹಾಳಾದಾಗ ಜೋಡಿಸಲು ಏನೂ ಉಳಿಯುವುದಿಲ್ಲ. ಬೆಳಿಗ್ಗೆ ಬಂದು ಕಾಫಿಗೂ ಮೊದಲು ಎರಡೇ ಎರಡು ಸಂಖ್ಯೆ ನೋಡು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: ಡಿಸ್ಕಿನಲ್ಲಿ ಉಳಿದ ಜಾಗ ಎಷ್ಟು, ಕೊನೆಯ ಬ್ಯಾಕಪ್ ಮುಗಿದದ್ದು ಯಾವಾಗ. ಇಂದಿಗೂ ಹೊಸಬರಿಗೆ ನಾನು ಹೇಳುವುದು ಇದನ್ನೇ.

ಈಗ ರಿಂಗ್ ರೋಡ್ ದಾಟೋಣ. 2022ರ ನವೆಂಬರ್ 23ರ ಬೆಳಿಗ್ಗೆ ಏಮ್ಸ್‌ನ ಇ-ಹಾಸ್ಪಿಟಲ್ ವ್ಯವಸ್ಥೆ ನಿಂತುಹೋಯಿತು. ನುಗ್ಗಿದವರು ಕಡತಗಳಿಗೆ ತಮ್ಮದೇ ಬೀಗ ಜಡಿದಿದ್ದರು. 5 ಸರ್ವರ್‌ಗಳು, ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗದೊಳಗೆ ಸಿಕ್ಕಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹೊರರೋಗಿಗಳ ನೋಂದಣಿ, ದಾಖಲಾತಿ, ಬಿಲ್ಲು, ರಕ್ತದ ಮಾದರಿಯ ಚೀಟಿ, ವರದಿ ಎಲ್ಲವೂ ಕೈಬರಹಕ್ಕೆ ಮರಳಿದವು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದು ಕಾಲುದಾರಿಯಲ್ಲಿ ಮಲಗಿ ಸರದಿಗೆ ಕಾಯುವವರ ಆಸ್ಪತ್ರೆ ಅದು. ಅಲ್ಲಿ ಸುಮಾರು ಎರಡು ವಾರ ಕಾಗದ, ಪೆನ್ನು ಹಿಡಿದೇ ಕೆಲಸ ಸಾಗಿತು.

ಕಾರಣ ಏನೆಂದು ಹೇಳಿದರು ಗೊತ್ತೇ? ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ ಎನ್ನುವುದು ಪ್ರಾಥಮಿಕ ತನಿಖೆಯ ಮಾತು. ಮನೆಗೆ ಮುಂಬಾಗಿಲು ಗಟ್ಟಿಯಿದ್ದು, ಒಳಗಿನ ಕೋಣೆಗಳಿಗೆ ಬಾಗಿಲೇ ಇಲ್ಲದಿದ್ದರೆ ಹೇಗೆ? ಹಾಗೆ. ಒಂದು ಕಡೆ ಕಾಲಿಟ್ಟವನು ಎಲ್ಲ ಕಡೆ ಓಡಾಡಬಹುದು. ವಿಭಾಗ ಮಾಡುವುದು ಬೇಸರದ ಕೆಲಸ. ಯಾವ ಯಂತ್ರ ಯಾವುದರ ಜೊತೆ ಮಾತಾಡಬೇಕು ಎಂದು ಪಟ್ಟಿ ಮಾಡಿ, ಉಳಿದದ್ದನ್ನೆಲ್ಲ ಮುಚ್ಚಬೇಕು. ಮುಚ್ಚಿದಾಗ ಯಾರದೋ ಪ್ರಿಂಟರ್ ನಿಲ್ಲುತ್ತದೆ, ಬೈಗುಳ ಬೀಳುತ್ತದೆ. ಯಾವುದೇ ಉದ್ಘಾಟನಾ ಫಲಕದಲ್ಲಿ ಈ ಕೆಲಸದ ಹೆಸರು ಬರುವುದಿಲ್ಲ.

ಏಮ್ಸ್‌ನ ಮಾಹಿತಿ ಮರಳಿ ಬಂದದ್ದು ಹೇಗೆ? ದಾಳಿ ಮುಟ್ಟದ ಒಂದು ಬ್ಯಾಕಪ್ ಸರ್ವರ್ ಉಳಿದಿತ್ತು. ಅದರಿಂದ ತೆಗೆದು ಹೊಸ ಸರ್ವರ್‌ಗಳಿಗೆ ತುಂಬಿದರು. ಆ ಒಂದು ಪೆಟ್ಟಿಗೆ ಇತ್ತು ಎನ್ನುವುದನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬುತ್ತದೆ.

ದಕ್ಷಿಣ ಕೊರಿಯಾಕ್ಕೆ ಆ ಭಾಗ್ಯ ಇರಲಿಲ್ಲ. 2025ರ ಸೆಪ್ಟೆಂಬರ್ 26ರಂದು ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯುಪಿಎಸ್ ಬ್ಯಾಟರಿಗಳ ಕೆಲಸ ನಡೆಯುತ್ತಿದ್ದಾಗ ಬೆಂಕಿ ಹೊತ್ತಿತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಹಂಚಿಕೊಂಡು ಇಟ್ಟುಕೊಳ್ಳುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟ್ ಸುಟ್ಟುಹೋಯಿತು. ಗಾತ್ರ ದೊಡ್ಡದೆಂದು ಅದಕ್ಕೆ ಹೊರಗಡೆ ಎಲ್ಲೂ ಬ್ಯಾಕಪ್ ಇಟ್ಟಿರಲಿಲ್ಲ.

ಬ್ಯಾಕಪ್‌ಗೆ ‘3-2-1’ ಎಂಬ ಸೂತ್ರವಿದೆ: ಪ್ರತಿಗಳು 3, ಬೇರೆ ಬೇರೆ ಬಗೆಯ ಸಾಧನ 2, ಅದರಲ್ಲಿ 1 ಬೇರೆ ಸ್ಥಳದಲ್ಲಿ. ಇದನ್ನು ಜನಪ್ರಿಯ ಮಾಡಿದವರು ಕಂಪ್ಯೂಟರ್ ಇಂಜಿನಿಯರ್ ಅಲ್ಲ, ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು. ತೆಗೆದ ಚಿತ್ರ ಮತ್ತೆ ತೆಗೆಯಲಾಗದು ಎಂದು ಛಾಯಾಗ್ರಾಹಕರಿಗಿಂತ ಚೆನ್ನಾಗಿ ಬಲ್ಲವರಾರು!

2011ರ ಫೆಬ್ರುವರಿಯಲ್ಲಿ ಜಿಮೇಲ್‌ನ ಶೇಕಡಾ 0.02 ಬಳಕೆದಾರರು ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿ. ಸಾಫ್ಟ್‌ವೇರ್ ದೋಷ ಬೇರೆ ಬೇರೆ ಕೇಂದ್ರಗಳಲ್ಲಿದ್ದ ಪ್ರತಿಗಳನ್ನೂ ಮುಟ್ಟಿತ್ತು. ಗೂಗಲ್ ಅವನ್ನು ಮರಳಿ ಪಡೆದದ್ದು ಮ್ಯಾಗ್ನೆಟಿಕ್ ಟೇಪಿನಿಂದ. ಕಪಾಟಿನಲ್ಲಿ ತಂತಿ ಜೋಡಿಸದೆ ಕೂತ ಟೇಪಿಗೆ ಸಾಫ್ಟ್‌ವೇರ್ ದೋಷ ತಟ್ಟುವುದಿಲ್ಲ.

ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ ದಣಿದ ಕೈಯೊಂದು ತಪ್ಪು ಸರ್ವರಿನ ದತ್ತಾಂಶ ಅಳಿಸಿತು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇದ್ದರೂ ನೆಚ್ಚಬಹುದಾದದ್ದು ಒಂದೂ ಸಿಗಲಿಲ್ಲ. ಕೊನೆಗೆ ಅದೃಷ್ಟವಶಾತ್ 6 ಗಂಟೆ ಹಿಂದೆ ತೆಗೆದಿದ್ದ ಪ್ರತಿಯೊಂದು ಕೈಗೆ ಸಿಕ್ಕಿತು. ಅವರು ನಡೆದದ್ದನ್ನೆಲ್ಲ ಬಹಿರಂಗವಾಗಿ ಬರೆದರು. ಆ ಬರಹ ಓದಿದಾಗ ನನಗೆ ನನ್ನದೇ ಒಂದು ದಿನ ನೆನಪಾಯಿತು. ದಿಲ್ಲಿಯ ಒಂದು ಕಚೇರಿಯಲ್ಲಿ ನಾನು ಸರ್ವರ್ ನೋಡಿಕೊಳ್ಳುತ್ತಿದ್ದಾಗ ತಿಂಗಳುಗಟ್ಟಲೆ ಟೇಪ್ ಬದಲಿಸುತ್ತಾ, ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾ ಬಂದಿದ್ದೆ. ಹಿರಿಯ ಅಧಿಕಾರಿಯೊಬ್ಬರು ಹಳೆಯ ಫೋಲ್ಡರ್ ಒಂದನ್ನು ಕೇಳಿದರು. ಟೇಪ್ ಹಾಕಿದೆ, ಓದಲಿಲ್ಲ. ಇನ್ನೊಂದು ಹಾಕಿದೆ, ಅದೂ ಇಲ್ಲ. ಟೇಪ್ ಯಂತ್ರದ ಬರೆಯುವ ಹೆಡ್ ಕೆಟ್ಟು ಎಷ್ಟು ದಿನವಾಗಿತ್ತೋ. ಆ ಅಧಿಕಾರಿ ಬೈಯಲಿಲ್ಲ, ‘ಹೋಗಲಿ ಬಿಡಿ’ ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ. ಅಂದಿನಿಂದ ತಿಂಗಳಿಗೊಮ್ಮೆ ಯಾವುದಾದರೂ ಒಂದು ಮೇಲ್‌ಬಾಕ್ಸನ್ನು ಬ್ಯಾಕಪ್‌ನಿಂದ ನಿಜವಾಗಿ ಎತ್ತಿ, ತೆರೆದು, ಓದಿ ನೋಡುವುದು ನನ್ನ ವ್ರತ.

ತಿಂಗಳ ಎರಡನೇ ಮಂಗಳವಾರ ರಾತ್ರಿ ಸರ್ವರ್ ನೋಡಿಕೊಳ್ಳುವವರಿಗೆ ಬೇಗ ನಿದ್ದೆ ಇಲ್ಲ. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ತನ್ನ ಸುರಕ್ಷಾ ಪ್ಯಾಚ್‌ಗಳನ್ನು ಬಿಡುಗಡೆ ಮಾಡುವ ದಿನ ಅದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಅಂದರೆ ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ 10:30, ಚಳಿಗಾಲದಲ್ಲಿ 11:30. ಪ್ಯಾಚ್ ಹೊರಬಂದ ಕ್ಷಣದಿಂದ ಓಟ ಶುರು. ಅದನ್ನು ಬಿಡಿಸಿ ನೋಡಿ, ಯಾವ ತೂತು ಮುಚ್ಚಿದ್ದಾರೆಂದು ತಿಳಿದು, ಇನ್ನೂ ಮುಚ್ಚದ ಸರ್ವರ್‌ಗಳನ್ನು ಹುಡುಕುವವರು ಜಗತ್ತಿನ ತುಂಬಾ ಇದ್ದಾರೆ.

ಪ್ಯಾಚ್ ಹಾಕಿದರೆ ಕೆಲಸ ಮುಗಿಯಿತೇ? 2025ರ ಜುಲೈ ಬೇರೆಯೇ ಪಾಠ ಹೇಳಿತು. ಕಚೇರಿಗಳು ಕಡತ ಹಂಚಿಕೊಳ್ಳಲು ಬಳಸುವ ಶೇರ್‌ಪಾಯಿಂಟ್ ಸರ್ವರ್‌ನ ದೋಷವೊಂದಕ್ಕೆ ಆ ತಿಂಗಳ ಪ್ಯಾಚ್ ಬಂದಿತ್ತು. ಆ ಪ್ಯಾಚನ್ನೇ ಸುತ್ತುಬಳಸಿ ದಾಟುವ ದಾರಿಯನ್ನು ದಾಳಿಕೋರರು ಕೆಲವೇ ದಿನಗಳಲ್ಲಿ ಕಂಡುಕೊಂಡರು. ಒಳನುಗ್ಗಿದವರು ಸರ್ವರಿನ ಗುಟ್ಟಿನ ಕೀಲಿಗಳನ್ನೇ ಕದ್ದೊಯ್ದಿದ್ದರು. ತುರ್ತು ಪ್ಯಾಚ್ ಹಾಕಿದ ಮೇಲೂ ಆ ಕೀಲಿಗಳನ್ನು ಬದಲಿಸದಿದ್ದರೆ ಕಳ್ಳ ರಾಜಾರೋಷವಾಗಿ ಮತ್ತೆ ಬರಬಹುದಿತ್ತು. ಮನೆಯ ಮುರಿದ ಕಿಟಕಿ ರಿಪೇರಿ ಮಾಡಿಸಿ ಬೀಗ ಬದಲಿಸದೆ ಬಿಟ್ಟ ಹಾಗೆ.

ಆತುರಕ್ಕೂ ಬೆಲೆಯಿದೆ. 2024ರ ಜುಲೈ 19, ಶುಕ್ರವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಸುರಕ್ಷಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು. ತಪ್ಪು ಹಿಂತೆಗೆದುಕೊಂಡದ್ದು 78 ನಿಮಿಷಕ್ಕೆ. ಬಿದ್ದ ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸಲು ದಿನಗಳೇ ಹಿಡಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

2021ಕ್ಕೆ ಡಿಸೆಂಬರ್ 33 ಇತ್ತು, ಗೊತ್ತೇ? 2022ರ ಹೊಸ ವರ್ಷದಂದು ಎಕ್ಸ್‌ಚೇಂಜ್ ಸರ್ವರ್‌ಗಳಲ್ಲಿ ಪತ್ರಗಳು ಸಾಲುಗಟ್ಟಿ ನಿಂತವು. ವೈರಸ್ ತಪಾಸಣೆಯ ಭಾಗವು ದಿನಾಂಕವನ್ನು 2201010001 ಎಂಬ ಒಂದೇ ಸಂಖ್ಯೆಯಾಗಿ ಬರೆದುಕೊಳ್ಳುತ್ತಿತ್ತು. ಅದಕ್ಕೆ ಮೀಸಲಿಟ್ಟ ಜಾಗದಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2147483647. ‘22’ರಿಂದ ಶುರುವಾಗುವ ಯಾವುದೂ ಅಲ್ಲಿ ಕೂರದು. ಮೈಕ್ರೋಸಾಫ್ಟ್ ಕಂಡುಕೊಂಡ ತುರ್ತು ಪರಿಹಾರ ಹೊಸ ಆವೃತ್ತಿಗೆ 2112330001 ಎಂದು ಹೆಸರಿಡುವುದು. 21ನೇ ಇಸವಿ, 12ನೇ ತಿಂಗಳು, 33ನೇ ತಾರೀಖು!

2020ರ ಫೆಬ್ರುವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಗಂಟೆಗಟ್ಟಲೆ ನಿಂತದ್ದಕ್ಕೆ ಕಾರಣ ಸರ್ವರಿನ ಗುರುತು ಸಾರುವ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದದ್ದು. ನವೀಕರಿಸಲು ಮರೆತಿದ್ದರು. ಅಷ್ಟು ದೊಡ್ಡವರೇ ಮರೆತರು ಎಂದು ಸಣ್ಣ ಕಚೇರಿಯವರು ಸಮಾಧಾನಪಡುವಂತಿಲ್ಲ. ಬ್ರೌಸರ್ ಒಪ್ಪುವ ಪ್ರಮಾಣಪತ್ರದ ಗರಿಷ್ಠ ಆಯಸ್ಸು 398 ದಿನ ಇದ್ದದ್ದು 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ 100, 2029ರ ಮಾರ್ಚ್ 15ರಿಂದ ಬರೀ 47. ಡೈರಿಯಲ್ಲಿ ಗುರುತು ಹಾಕಿಕೊಂಡು ಕೈಯಾರೆ ನವೀಕರಿಸುವ ಕಾಲ ಮುಗಿಯುತ್ತಿದೆ.

ದಾಳಿಯೋ ಸೋರಿಕೆಯೋ ಗೊತ್ತಾದ 6 ಗಂಟೆಯೊಳಗೆ ದೇಶದ ಸೈಬರ್ ಸುರಕ್ಷೆ ನೋಡಿಕೊಳ್ಳುವ ಸೆರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು, ಸರ್ವರಿನ ಆಗುಹೋಗು ದಾಖಲಿಸುವ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಇದು 2022ರ ಏಪ್ರಿಲ್ 28ರ ಆದೇಶ. ಅದರಲ್ಲೇ ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಅಂಶವಿದೆ: ಎಲ್ಲ ಸರ್ವರ್‌ಗಳ ಗಡಿಯಾರಗಳೂ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರವಾದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು. ಭಾರತದ ಅಧಿಕೃತ ಸಮಯ ಹುಟ್ಟುವುದು ಆ ಪ್ರಯೋಗಾಲಯದ ಪರಮಾಣು ಗಡಿಯಾರಗಳಲ್ಲಿ. ಅದಿರುವುದು ದಿಲ್ಲಿಯ ಪೂಸಾದಲ್ಲಿ. ಹತ್ತು ಸರ್ವರ್ ಹತ್ತು ಸಮಯ ಹೇಳಿದರೆ ಕಳ್ಳ ಮೊದಲು ಎಲ್ಲಿ ಕಾಲಿಟ್ಟ ಎಂದು ಹೇಳುವುದು ಹೇಗೆ? ಅದಿರಲಿ, ವಿಂಡೋಸ್ ಜಾಲದಲ್ಲಿ ನಿಮ್ಮ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ.

ಗಡಿಯಾರದ ಮಾತು ಬಂತಲ್ಲ, 2017ರ ಜನವರಿ 1ರಂದು ಭಾರತದಲ್ಲಿ ಬೆಳಿಗ್ಗೆ 5:29:60 ಎಂಬ ಸಮಯ ಬಂದಿತ್ತು. ಭೂಮಿಯ ತಿರುಗುವಿಕೆಗೆ ಹೊಂದಿಸಲು ಸೇರಿಸಿದ ಅಧಿಕ ಸೆಕೆಂಡ್ ಅದು. ನಮ್ಮ ಪಂಚಾಂಗದ ಅಧಿಕ ಮಾಸದ ಪುಟ್ಟ ತಂಗಿ! 2012ರ ಅಧಿಕ ಸೆಕೆಂಡಿಗೆ ಜಗತ್ತಿನ ಅನೇಕ ಲಿನಕ್ಸ್ ಸರ್ವರ್‌ಗಳು ತಬ್ಬಿಬ್ಬಾಗಿದ್ದವು. 2035ರೊಳಗೆ ಈ ಪದ್ಧತಿಯನ್ನು ಕೈಬಿಡಲು 2022ರಲ್ಲಿ ತೀರ್ಮಾನವಾಗಿದೆ.

ಶೇರ್‌ಪಾಯಿಂಟ್ ಪಟ್ಟಿಯಲ್ಲಿ ಸಾಲುಗಳು 5000 ದಾಟಿದೊಡನೆ ‘ಮಿತಿ ಮೀರಿದೆ’ ಎಂದು ಬರುವುದೇಕೆ? ಹಿಂದಿರುವ ಎಸ್‌ಕ್ಯೂಎಲ್ ಸರ್ವರ್ ಒಂದೊಂದು ಸಾಲಿಗೂ ಒಂದೊಂದು ಬೀಗ ಹಾಕುತ್ತಾ ಹೋಗುತ್ತದೆ. ಬೀಗಗಳು ಸುಮಾರು 5000 ಆದವೆಂದರೆ ಸಾಕಾಗಿ ಇಡೀ ಕೋಷ್ಟಕಕ್ಕೇ ಒಂದು ಬೀಗ ಜಡಿಯುತ್ತದೆ. ಆಗ ಉಳಿದವರೆಲ್ಲ ಹೊರಗೆ ನಿಲ್ಲಬೇಕು. ಆ ಮಿತಿ ಇರುವುದು ಪಕ್ಕದ ಮೇಜಿನವರ ಸಲುವಾಗಿ.

ಸರ್ವರ್ ಕೋಣೆಗೆ ಸೂಚಿಸುವ ಉಷ್ಣತೆ 18ರಿಂದ 27 ಡಿಗ್ರಿ. 2024ರ ಮೇ 29ರಂದು ಕಿದ್ವಾಯಿ ನಗರಕ್ಕೆ ಹತ್ತಿರದ ಸಫ್ದರ್‌ಜಂಗ್ ಹವಾಮಾನ ಕೇಂದ್ರ ದಾಖಲಿಸಿದ್ದು 46.8. ಒಂದು ತಿಂಗಳು ಕಳೆಯಿತು, ಜೂನ್ 28ರ ಬೆಳಗಿನವರೆಗಿನ 24 ಗಂಟೆಯಲ್ಲಿ ಅದೇ ಕೇಂದ್ರದಲ್ಲಿ 228.1 ಮಿಲಿಮೀಟರ್ ಮಳೆ. ದಿಲ್ಲಿಯಲ್ಲಿ ಸರ್ವರನ್ನು ಮಾಳಿಗೆಯ ಮೇಲಿಟ್ಟರೆ ಬಿಸಿಲು, ನೆಲಮಾಳಿಗೆಗಿಟ್ಟರೆ ನೀರು. ನಡುವಿನ ಮಹಡಿಗೆ ಜಗಳವಾಡಿ ಜಾಗ ಕೇಳಿ.

ಸರ್ಕಾರಿ ಕಚೇರಿಗಳನ್ನು ಜಾಲಕ್ಕೆ ಸೇರಿಸಿದ ಎನ್‌ಐಸಿ ಹುಟ್ಟಿದ್ದು 1976ರಲ್ಲಿ. ಕಿದ್ವಾಯಿ ನಗರದಿಂದ ಆಟೋ ಹಿಡಿದರೆ ಅದರ ಮುಖ್ಯ ಕಚೇರಿ ಇರುವ ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸ್ ಹತ್ತಿರವೇ. ಅದನ್ನು ಕಟ್ಟಿ ಬೆಳೆಸಿದ ಮೊದಲ ಮಹಾನಿರ್ದೇಶಕರು ಡಾ. ಎನ್. ಶೇಷಗಿರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. 2005ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅವರ ಹೆಸರು ನಮ್ಮಲ್ಲಿ ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು ಎಂದು ನನ್ನ ಹಂಬಲ.

ಈಚಿನ ವರ್ಷಗಳಲ್ಲಿ ಸುಮಾರು 12 ಲಕ್ಷ ಸರ್ಕಾರಿ ನೌಕರರ ಮೇಲ್ ಜೋಹೊ ಕಂಪನಿಯ ವೇದಿಕೆಗೆ ಸಾಗಿತು. ವಿಳಾಸ ಬದಲಾಗಲಿಲ್ಲ. ಮೇಲ್ ತೆರೆದವರ ಕಣ್ಣಿಗೆ ಬಿದ್ದದ್ದು ಹೊಸ ಪರದೆ ಮಾತ್ರ. ಹಳೆಯ ಪತ್ರಗಳ ಸಾಗಾಟ, ಫೋಲ್ಡರುಗಳ ಎಣಿಕೆ, ತಾಳೆ, ಹೊಂದಿಕೆಯ ಶ್ರಮ ತೆರೆಮರೆಯದು.

ಸರ್ವರ್ ನೋಡಿಕೊಳ್ಳುವವರ ಸಹಿ ನ್ಯಾಯಾಲಯಕ್ಕೂ ಹೋಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇ-ಮೇಲ್ ಪ್ರತಿಯನ್ನು ಸಾಕ್ಷಿಯಾಗಿ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ ನಮೂದಿಸಬೇಕು. ಒಂದು ಅಲ್ಪವಿರಾಮ ಬದಲಾದರೂ ಆ ಮೌಲ್ಯ ಪೂರ್ತಿ ಬೇರೆಯಾಗುತ್ತದೆ.

2016ರ ನವೆಂಬರ್ 14ರಂದು ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಪತ್ರ ಅಚಾತುರ್ಯದಿಂದ 8 ಲಕ್ಷಕ್ಕೂ ಹೆಚ್ಚು ನೌಕರರಿಗೆ ಹೋಯಿತು. ‘ನನ್ನನ್ನು ಪಟ್ಟಿಯಿಂದ ತೆಗೆಯಿರಿ’ ಎಂದು ಹಲವರು ಎಲ್ಲರಿಗೂ ಉತ್ತರಿಸಿದರು. ಒಂದೂಕಾಲು ಗಂಟೆಯಲ್ಲಿ ಸುಮಾರು 50 ಕೋಟಿ ಪತ್ರ! ದೊಡ್ಡ ಪಟ್ಟಿಗಳಿಗೆ ಯಾರು ಬರೆಯಬಹುದು ಎಂದು ನಿರ್ಬಂಧಿಸಲು ಎರಡು ನಿಮಿಷ ಸಾಕು. ಇವತ್ತೇ ಮಾಡಿ.

ಜುಲೈ ತಿಂಗಳ ಕೊನೆಯ ಶುಕ್ರವಾರ ಸರ್ವರ್ ನೋಡಿಕೊಳ್ಳುವವರಿಗೆ ವಂದನೆ ಹೇಳುವ ದಿನ. 2000ನೇ ಇಸವಿಯಲ್ಲಿ ಷಿಕಾಗೊದ ಟೆಡ್ ಕೆಕಾಟೋಸ್ ಎಂಬ ಅಡ್ಮಿನ್ ಶುರುಮಾಡಿದ್ದು. ನಿಮ್ಮ ಸರ್ವರ್ ನೋಡಿಕೊಳ್ಳುವವರ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಪತ್ರ ಬರೆಯಬಹುದು. ಪತ್ರ ಸ್ವೀಕರಿಸುವ ಪ್ರತಿ ಮೇಲ್ ಸರ್ವರಿನಲ್ಲೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಕಡ್ಡಾಯವಾಗಿ ಇರಬೇಕೆಂದು 1982ರಿಂದ ನಿಯಮವಿದೆ. ನಿಮ್ಮ ಕಚೇರಿಯ ವಿಳಾಸದಲ್ಲಿ ನಿಮ್ಮ ಹೆಸರಿರುವ ಕಡೆ ಆ ಪದ ಇಟ್ಟು ಎರಡು ಸಾಲು ಬರೆದು ನೋಡಿ. ಕಿದ್ವಾಯಿ ಅವರ ಕಾಲದಲ್ಲಿ ನಾಗಪುರದ ರಾತ್ರಿಯಲ್ಲಿ ಚೀಲ ಬಿಚ್ಚುತ್ತಿದ್ದವರ ಹಾಗೆ, ಆ ಕಡೆ ಒಬ್ಬರು ಇದ್ದಾರೆ.